ಗಾದಿ ಮೇಲೆ ಕೂತ ಲ್ಯಾಪ್‌ಟಾಪ್

ನರಗುಂದದ ಹತ್ತಿ ಅಡತಿ ವ್ಯಾಪಾರಿ ಮಹಾಲಿಂಗಪ್ಪನವರು ಲ್ಯಾಪ್‌ಟಾಪ್ ಕೊಂಡದ್ದು ಅಂಗಡಿಯ ಲೆಕ್ಕಕ್ಕೆ. ಆದರೆ ಕೊಳ್ಳುವಾಗ, "ನಿಮ್ಮಲ್ಲಿ ಎಲ್ಲಾಕ್ಕಿಂತ ಭಾರಿದು ಯಾವುದೈತಿ, ಅದನ್ನ ಕೊಡ್ರಿ" ಎಂದುಬಿಟ್ಟರು. ಮಾರುವವನಿಗೆ ಇನ್ನೇನು ಬೇಕು? ಆಟವಾಡುವ ಹುಡುಗರಿಗೆಂದು ಮಾಡಿದ, ಕೀಲಿಗಳ ಕೆಳಗೆ ಕೆಂಪು ನೀಲಿ ದೀಪ ಮಿನುಗುವ ಯಂತ್ರವನ್ನು ಕಟ್ಟಿಕೊಟ್ಟ. ಅಷ್ಟು ತಾಕತ್ತಿನ ಯಂತ್ರ ಬರೀ ಕೂಡಿಸಿ ಕಳೆಯುತ್ತ ಕೂತರೆ ವ್ಯಾಪಾರಿಯ ಕರುಳು ಚುರುಕ್ ಅನ್ನದೆ ಇರುತ್ತದೆಯೇ? ಹೀಗಾಗಿ ಮಹಾಲಿಂಗಪ್ಪನವರು ಅರವತ್ತು ದಾಟಿದ ಮೇಲೆ ಕಾರ್ ಓಟದ ಆಟ ಕಲಿತರು.

ಕಲಿತದ್ದು ಒಬ್ಬರೇ ಅಲ್ಲ. ಮಗಳು ರಾಜೇಶ್ವರಿಯನ್ನು ಕೊಟ್ಟಿದ್ದ ಗಜೇಂದ್ರಗಡದ ಬೀಗರು ಗವಿಸಿದ್ದಪ್ಪನವರಿಗೂ ಹುಚ್ಚು ಹತ್ತಿಸಿದರು. ದಿನಾ ಮಧ್ಯಾಹ್ನ ಊಟ ಮುಗಿಸಿ, ಒಬ್ಬರು ನರಗುಂದದಲ್ಲಿ, ಇನ್ನೊಬ್ಬರು ಗಜೇಂದ್ರಗಡದಲ್ಲಿ ಕೂತು, ಇಂಟರ್ನೆಟ್ಟಿನಲ್ಲಿ ಎದುರುಬದುರಾಗಿ ಕಾರು ಓಡಿಸುವುದು. ಬೀಗತನ ಹೀಗೆ ಬೆಳೆದದ್ದನ್ನು ನೋಡಿ ಹೆಂಗಸರು ನಕ್ಕು ಸುಮ್ಮನಾಗಿದ್ದರು.

ಯಡವಟ್ಟಾದದ್ದು ಬೇಸಿಗೆಯಲ್ಲಿ. ಕೊನೆಯ ಸುತ್ತು ಬಂತೆಂದರೆ ಮಹಾಲಿಂಗಪ್ಪನವರ ಲ್ಯಾಪ್‌ಟಾಪ್ ಗಿರಣಿಯ ಹಾಗೆ ಸದ್ದು ಮಾಡುತ್ತಿತ್ತು, ಚಿತ್ರ ತಡವರಿಸುತ್ತಿತ್ತು, ಆಮೇಲೆ ಪರದೆ ಕಪ್ಪು. ಗೆಲ್ಲುತ್ತಿದ್ದಾಗಲೂ ಅಷ್ಟೇ, ಸೋಲುತ್ತಿದ್ದಾಗಲೂ ಅಷ್ಟೇ. ಆದರೆ ಅವರು ಸೋಲುತ್ತಿದ್ದದ್ದೇ ಹೆಚ್ಚು, ಅದೇ ತಾಪತ್ರಯ.

"ಮಷೀನ್ ಕಾದು ಬಂದ್ ಆತ್ರಿ ಬೀಗ್ರ" ಎಂದು ಫೋನು ಮಾಡಿದರೆ ಗವಿಸಿದ್ದಪ್ಪನವರು, "ಹೌದ್ರಿ, ಹೌದ್ರಿ, ಸೋಲೂ ಮುಂದ ಎಲ್ಲಾರಿಗೂ ಕಾಯತೈತಿ" ಎಂದು ನಗುತ್ತಿದ್ದರು. ಫೋನಿನ ಮಾತು ಫೋನಿನಲ್ಲೇ ಉಳಿದಿದ್ದರೆ ಚಿಂತೆಯಿರಲಿಲ್ಲ. ರೋಣದಲ್ಲಿ ಬಳಗದವರ ಮದುವೆಯ ಪಂಕ್ತಿಯಲ್ಲಿ, ಹುಗ್ಗಿಗೆ ತುಪ್ಪ ಬೀಳುವ ಹೊತ್ತಿಗೆ ಅವರು ದೊಡ್ಡ ದನಿ ತೆಗೆದು, "ನಮ್ಮ ಬೀಗ್ರು ಸೋಲೂ ಹೊತ್ತಿಗೆ ಸ್ವಿಚ್ ಬಂದ್ ಮಾಡಿ ಓಡಿಹೋಗ್ತಾರ" ಎಂದುಬಿಟ್ಟರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು.

ಮಹಾಲಿಂಗಪ್ಪನವರೂ ನಕ್ಕರು. ಹುಗ್ಗಿ ಮಾತ್ರ ಎಲೆಯಲ್ಲೇ ಬಿಟ್ಟು ಎದ್ದರು. ಪೇಟೆಯಲ್ಲಿ ಅವರ ಮಾತೆಂದರೆ ಮಾತು. ಕಾಗದ ಪತ್ರ ಇಲ್ಲದೆ ಹತ್ತಿ ಬಿಟ್ಟು ಹೋಗುವ ರೈತರಿದ್ದರು. ಅಂಥ ಮನುಷ್ಯ ಖರೇ ಹೇಳಿದರೂ ಜನ ನಗುವುದೆಂದರೆ? ಅವರಿಗೆ ನಿಜಕ್ಕೂ ಸಂಕಟವಾಯಿತು. ಗೆಲ್ಲುವುದು ಬೇಡ, ತಾನು ಓಡಿಹೋಗುವವನಲ್ಲ ಎಂದು ಅದೇ ಜನರ ಎದುರು ಗೊತ್ತಾದರೆ ಸಾಕಿತ್ತು.

"ಒಂದು ಆಟಕ್ಕ ಇಷ್ಟು ಮನಸಿಗೆ ಹಚ್ಚಿಕೊಂಡ್ರ ಹ್ಯಾಂಗ್ರಿ?" ಎಂದಳು ಹೆಂಡತಿ ಕಳಕವ್ವ. "ಮದ್ಲ ಅದನ್ನ ಒಯ್ದು ಯಾರಿಗರೆ ತೋರಸ್ರಿ."

ರಿಪೇರಿ ಅಂಗಡಿಯ ಆರಿಫ ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿ ಚಿಮಟಿಗೆಯಿಂದ ಒಳಗಿನ ಫ್ಯಾನಿಗೆ ಸುತ್ತಿಕೊಂಡಿದ್ದ ಅರಳೆಯನ್ನು ಎಳೆದ. ಎಳೆದಷ್ಟೂ ಬಂತು.

"ದೀಪಕ್ಕ ಬತ್ತಿ ಹೊಸೀಬಹುದು ನೋಡ್ರಿ ಸಾವ್ಕಾರ್ರ. ಇದನ್ನ ಎಲ್ಲಿ ಇಟ್ಟು ಆಡ್ತೀರಿ?"

"ಎಲ್ಲಿ ಅಂದ್ರ? ಅಂಗಡ್ಯಾಗ ನನ್ನ ಗಾದಿಮ್ಯಾಲ. ಬೆಲೆಬಾಳೂದು, ಬರೇ ನೆಲದ ಮ್ಯಾಲ ಇಡಾಕ ಬರತೈತೇನು?"

ಆರಿಫ ನಗು ತಡೆದುಕೊಂಡ. "ಆಟದ ಚಿತ್ರ ತೆಗಿಯೂದು ಗ್ರಾಫಿಕ್ಸ್ ಕಾರ್ಡ್‌ರಿ. ಅದು ದುಡದಂಗೆಲ್ಲಾ ಕಾಯತೈತಿ. ಗಾಳಿ ಕೆಳಗಿಂದ ಹೋಗಬೇಕು. ನೀವು ಮೆತ್ತನ್ನ ಗಾದಿಮ್ಯಾಲ ಇಟ್ಟು ಅದರ ಮೂಗು ಮುಚ್ಚೀರಿ. ಭಾಳ ಕಾದ್ರ ಸುಡಬಾರದಂತ ತಾನ ಬಂದ್ ಆಗತೈತಿ. ಬರೇ ನೆಲದ ಮ್ಯಾಲ ಇಡ್ರಿ, ಹಿಂದ ಎರಡು ಕಡ್ಡಿಪೆಟ್ಟಿಗಿ ಕೊಟ್ಟು ಎತ್ತರ ಮಾಡ್ರಿ. ಆಮ್ಯಾಲ ನೋಡ್ರಿ."

ನೋಡಿದರು. ಒಂದು ಓಟ, ಎರಡು ಓಟ, ಯಂತ್ರ ತಣ್ಣಗಿತ್ತು. ಮಹಾಲಿಂಗಪ್ಪನವರು ಕೂತಲ್ಲಿಂದಲೇ ಗಜೇಂದ್ರಗಡಕ್ಕೆ ಫೋನು ಹಚ್ಚಿ, "ಬೀಗ್ರ, ಕುಬಸದ ದಿನ ನಿಮ್ಮ ಮನ್ಯಾಗ, ಎಲ್ಲಾರ ಮುಂದ ಒಂದು ಓಟ" ಎಂದರು.

ರಾಜೇಶ್ವರಿ ಬಸುರಿಯಾಗಿದ್ದಳು, ತವರಿನಿಂದ ಸೀಮಂತದ ಸೀರೆ ಕುಬಸ ಒಯ್ಯುವ ದಿನ ಹತ್ತಿರವಿತ್ತು. "ಮಗಳ ಸೀರಿ ಮರತ್ರೂ ಆ ಡಬ್ಬಿ ಮರ್ಯಾಂಗಿಲ್ಲ ಇವರು" ಎಂದು ಕಳಕವ್ವ ದಾರಿಯುದ್ದಕ್ಕೂ ಅಂದಳು.

ಗಜೇಂದ್ರಗಡದಲ್ಲಿ ಆರತಿ, ಹಾಡು, ಊಟ ಎಲ್ಲ ಸಾಂಗವಾಗಿ ನಡೆಯಿತು. ಪಡಸಾಲೆಯಲ್ಲಿ ಬಳಗ ನೆರೆಯಿತು. ಮಹಾಲಿಂಗಪ್ಪನವರು ಕೈ ಒರೆಸಿಕೊಂಡು ಬಂದವರೇ ಹೌಹಾರಿದರು. ಬೀಗರ ಮರ್ಯಾದೆಗೆಂದು ಗವಿಸಿದ್ದಪ್ಪನವರು ಹೊಸ ಹತ್ತಿ ತುಂಬಿಸಿ, ಮೊಳಕಾಲು ಹೂತುಹೋಗುವಂಥ ಎರಡು ಗಾದಿ ಹಾಸಿಸಿದ್ದರು.

"ಬರ್ರಿ ಬೀಗ್ರ, ಮಷೀನ್ ಇಡ್ರಿ ಗಾದಿಮ್ಯಾಲ!"

ಬೀಗರು ಹಾಸಿದ ಗಾದಿಯನ್ನು ಬೇಡ ಅನ್ನುವುದುಂಟೇ? ಮಗಳು ಬಾಳುವ ಮನೆ. ಹೂಂ ಅಂದರೆ ಯಂತ್ರ ಕೈಕೊಡುತ್ತದೆ, ಬಂದ ಬಳಗದ ಮುಂದೆ ಇನ್ನೊಮ್ಮೆ ಓಡಿಹೋದ ಹೆಸರು. ಮಹಾಲಿಂಗಪ್ಪನವರು ಗಾದಿಯನ್ನೊಮ್ಮೆ, ನೆಲವನ್ನೊಮ್ಮೆ ನೋಡಿದರು. ಆಮೇಲೆ ತಾವು ಗಾದಿಯ ಮೇಲೆ ಗತ್ತಿನಿಂದ ಕೂತು, ಲ್ಯಾಪ್‌ಟಾಪನ್ನು ಮುಂದಿನ ನೆಲದ ಮೇಲಿಟ್ಟು ಹೇಳಿದರು: "ಇದಿನ್ನೂ ಸಣ್ಣದೈತ್ರಿ. ಹಿರ್ಯಾರ ಸರಿಸಮ ಗಾದಿಮ್ಯಾಲ ಕುಂದರೂದು ಚಲೋ ಅಲ್ಲ."

ಜನ ಗೊಳ್ಳೆಂದಿತು. ಗವಿಸಿದ್ದಪ್ಪನವರು ಸೋಲುವವರೇ? "ನಮ್ಮದು ಮನಿಮಗ ಇದ್ದಂಗ್ರಿ, ನಮ್ಮ ಮಗ್ಗಲ್ದಾಗ ಕುಂದರತೈತಿ" ಎಂದು ದಿನಾ ಮೇಜಿನ ಮೇಲಿರುತ್ತಿದ್ದ ತಮ್ಮ ಲ್ಯಾಪ್‌ಟಾಪನ್ನು ಗಾದಿಯ ನಡುವೆ ಇಟ್ಟರು. ಅದು ಕೀಲಿಗಳವರೆಗೂ ಹೂತುಹೋಯಿತು.

"ಬೀಗ್ರ, ಗಾದಿಮ್ಯಾಲ ಬ್ಯಾಡ್ರಿ, ಕಾಯತೈತಿ."

"ಆತ್ನೋಡ್ರಿ, ಶುರು ಆತು ಇವರ ಕಾಯೂದು!"

ಮತ್ತೆ ನಗು. ಹೇಳುವುದನ್ನು ಹೇಳಿಯಾಗಿತ್ತು, ಮಹಾಲಿಂಗಪ್ಪನವರು ಕೀಲಿಯ ಮೇಲೆ ಬೆರಳಿಟ್ಟರು.

ಗವಿಸಿದ್ದಪ್ಪನವರು ಮೊದಲಿನಿಂದಲೂ ಮುಂದಿದ್ದರು. ಆದರೆ ಕೊನೆಯ ಸುತ್ತಿನಲ್ಲಿ ಅವರ ಯಂತ್ರ ಬುಸುಗುಟ್ಟತೊಡಗಿತು. ಕಾರು ತಡೆತಡೆದು ಹಾರಿತು. ಅವರು ಕೀಲಿ ಕುಟ್ಟಿದರು, ಬೈದರು, ಪರದೆ ಕಪ್ಪಾಯಿತು.

ಯಾರೋ ಹಿಂದಿನಿಂದ, "ಗವಿಸಿದ್ದಪ್ಪ ಸ್ವಿಚ್ ಬಂದ್ ಮಾಡಿದ್ರು!" ಎಂದು ಕೂಗಿದರು. ಪಡಸಾಲೆ ಉರುಳಾಡಿ ನಕ್ಕಿತು. ಗವಿಸಿದ್ದಪ್ಪನವರು ಎಲ್ಲರ ಮುಖ ನೋಡಿದರು. "ಇಲ್ಲೋ, ನಾ ಏನೂ ಮಾಡಿಲ್ಲ" ಎಂದರು. ಯಾರೂ ಕೇಳಲಿಲ್ಲ.

ಆ ದನಿ ಮಹಾಲಿಂಗಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು. ಗೆಲುವಿನ ಗೆರೆ ಎದುರಿಗೇ ಇತ್ತು, ಒಂದು ಬೆರಳು ಒತ್ತಿದರೆ ಮುಗಿಯುತ್ತಿತ್ತು. ಅವರು ಕೈ ತೆಗೆದರು.

"ನಗಬ್ಯಾಡ್ರಿ ಯಾರೂ. ಅವರು ಬಂದ್ ಮಾಡಿಲ್ಲ. ಅದು ಕಾದೈತಿ. ಬೀಗ್ರ, ಕೆಳಗ ಕೈ ಹಚ್ಚಿ ನೋಡ್ರಿ."

ಗವಿಸಿದ್ದಪ್ಪನವರು ಕೈ ತೂರಿಸಿ, "ಯಪ್ಪಾ!" ಎಂದು ಎಳೆದುಕೊಂಡರು. ಬೆರಳಿಗೆ ಉಫ್ ಎಂದು ಊದುತ್ತ ಬೀಗರನ್ನೇ ನೋಡಿದರು. ಆಮೇಲೆ ಎದ್ದು ನಿಂತು, "ಕೇಳ್ರೆಪಾ ಎಲ್ಲಾರೂ. ರೋಣದ ಮದ್ವಿಯೊಳಗ ನಾ ಅಂದದ್ದು ತಪ್ಪು. ನಮ್ಮ ಬೀಗ್ರು ಓಡಿಹೋಗೂ ಮನಷ್ಯಾ ಅಲ್ಲ" ಎಂದರು.

ಮಹಾಲಿಂಗಪ್ಪನವರ ಕಣ್ಣು ತುಂಬಿ ಬಂದವು. ಶಲ್ಯದಲ್ಲಿ ಒರೆಸಿಕೊಂಡು, "ಇರ್ಲಿ ಬಿಡ್ರಿ, ಗಾದಿ ಸುತ್ತಿಡಸ್ರಿ. ಮಷೀನ್ ಆರಲಿ, ಮದಲಿಂದ ಆಡೂಣು" ಎಂದರು.

ಚಹಾ ಆಗುವಷ್ಟರಲ್ಲಿ ಯಂತ್ರ ಆರಿತ್ತು. ಬೀಗರಿಬ್ಬರೂ ಬರೀ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಎರಡೂ ಲ್ಯಾಪ್‌ಟಾಪುಗಳು ಕಡೆಯ ಸುತ್ತಿನವರೆಗೂ ಚೆನ್ನಾಗಿ ಓಡಿದವು. ಗವಿಸಿದ್ದಪ್ಪನವರ ಕಾರು ಒಂದು ಗೇಣು ಮೊದಲು ಗೆರೆ ದಾಟಿತು. ಹಿಂದೆಯೇ ಮಹಾಲಿಂಗಪ್ಪನವರದೂ ದಾಟಿತು.

"ಸೋತೆ!" ಎಂದು ಕೂಗುತ್ತ ಮಹಾಲಿಂಗಪ್ಪನವರು ಎದ್ದು ನಿಂತರು. ಅಡುಗೆಮನೆಯಿಂದ ರಾಜೇಶ್ವರಿ ಹಸಿರು ಬಳೆಗಳ ಕೈ ಬಾಗಿಲಿಗೆ ಕೊಟ್ಟು ಇಣುಕಿದಳು. ಅಪ್ಪ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ ಬಂದವರಿಗೆಲ್ಲ ತೋರಿಸುತ್ತಿದ್ದರು: "ನೋಡ್ರಿ ಎಲ್ಲಾರೂ, ಚಾಲೂ ಐತಿ! ಚಾಲೂ ಇಟಗೊಂಡ ಸೋತೇನಿ!"