ಎರಡೇ ಸೀಟು

ಹೊರಮಾವಿನ ಮುನಿಆಂಜನಪ್ಪನವರಿಗೆ ಅರವತ್ತೆರಡು ವರ್ಷ, ಅವರ ಕಾರಿಗೆ ಇಪ್ಪತ್ತೆಂಟು. ಬೆಳಿಗ್ಗೆ ಎದ್ದು ಹೊರಡುವುದು ಇಬ್ಬರಿಗೂ ಸ್ವಲ್ಪ ಕಷ್ಟವೇ. ಜಮೀನೆಲ್ಲ ಲೇಔಟ್ ಆದ ಕಾಲಕ್ಕೆ ಅಣ್ಣತಮ್ಮಂದಿರು ಬಾಡಿಗೆ ಮನೆಗಳ ಮೇಲೆ ಬಾಡಿಗೆ ಮನೆ ಕಟ್ಟಿಸುತ್ತಿದ್ದರೆ, ಈ ಮನುಷ್ಯ ಯಾರಿಗೂ ಹೇಳದೆ ಕೇಳದೆ ಒಂದು ಹಳೆಯ ಕೆಂಪು ಸ್ಪೋರ್ಟ್ಸ್ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದ್ದರು. ಗೇರು ತಾನಾಗಿಯೇ ಬದಲಾಗುವ, ಎರಡೇ ಸೀಟಿನ ಕಾರು. ಹದಿನಾಲ್ಕು ಜನರ ಮನೆಗೆ ಎರಡು ಸೀಟಿನ ಕಾರು ತಂದವನನ್ನು ಊರು ಹುಚ್ಚ ಎಂದಿತು. ಅವರು ತಲೆ ಕೆಡಿಸಿಕೊಳ್ಳಲಿಲ್ಲ.

ಅವರಿಗೆ ಬೇಕಾಗಿದ್ದದ್ದೇ ಆ ಎರಡು ಸೀಟು. ಆ ಮನೆಯಲ್ಲಿ ಹೆಂಡತಿ ಅಕ್ಕಯಮ್ಮನ ಜೊತೆ ನಾಲ್ಕು ಮಾತಾಡೋಣವೆಂದರೆ ಮಧ್ಯೆ ಯಾರಾದರೂ ಬಂದು ಬೀಗದ ಕೈಯೋ ಕಾಫಿಪುಡಿಯೋ ಕೇಳುತ್ತಿದ್ದರು. ಭಾನುವಾರ ಬೆಳಿಗ್ಗೆ ಇಂದಿರಾನಗರಕ್ಕೆ ಹೋಗಿ, ಕಾಫಿ ಕುಡಿದು, ವಾಪಸು ಬರುವ ಎರಡು ಗಂಟೆ ಮಾತ್ರ ಅವರಿಬ್ಬರದ್ದು. ಅಕ್ಕಯಮ್ಮ ಪ್ರತಿ ಸಲವೂ ಗೊಣಗುತ್ತಲೇ ಹತ್ತುತ್ತಿದ್ದರು. "ಇದ್ರೊಳಗೆ ಕೂರೋದಂದ್ರೆ ಬಾವಿಗಿಳಿದಂಗೆ. ನನ್ನ ಸೊಂಟದ ಕತೆ ನಿಮಗೇನು ಗೊತ್ತು." ಪಾಪ, ನನ್ನ ಖುಷಿಗೋಸ್ಕರ ಬರುತ್ತಾಳೆ ಎಂದು ಮುನಿಆಂಜನಪ್ಪ ಇಪ್ಪತ್ತು ವರ್ಷದಿಂದ ನಂಬಿದ್ದರು.

ಈಗ ಕಾರಿನ ಕೆಂಪು ಬಣ್ಣದ ಗೇರ್ ಆಯಿಲ್ ಸೋರತೊಡಗಿತ್ತು. ಹೊರಡುವಾಗ ಒಂದು ಕ್ಷಣ ಯೋಚನೆ ಮಾಡಿ ಆಮೇಲೆ ಮುಂದೆ ಹೋಗುವುದು ಕಾರಿಗೆ ಅಭ್ಯಾಸವಾಯಿತು. ಸೋಮವಾರ ದೊಡ್ಡ ವರ್ಕ್‌ಶಾಪಿನವನೊಬ್ಬ ಮನೆಗೇ ಬಂದು, ಟಾರ್ಚ್ ಹಿಡಿದು ಬಗ್ಗಿ ನೋಡಿ, ಗೇರ್‌ಬಾಕ್ಸೇ ಹೋಗಿದೆ, ಇದರ ಸಾಮಾನು ಇನ್ನು ಸಿಗುವುದಿಲ್ಲ ಎಂದು ತೀರ್ಪು ಕೊಟ್ಟ.

ಮಗ ಸುನಿಲ್ ಇದನ್ನೇ ಕಾಯುತ್ತಿದ್ದ. "ಕೊಟ್ಬಿಡಾಣ ಕಣಪ್ಪ. ಏಳು ಸೀಟಿಂದು ತಗೊಳ್ಳಾಣ. ಎಲ್ರೂ ಒಟ್ಟಿಗೆ ಹೋಗ್ಬೋದು."

ಎಲ್ಲರೂ ಒಟ್ಟಿಗೆ ಇದ್ದೂ ಇದ್ದೂ ಮುನಿಆಂಜನಪ್ಪನವರಿಗೆ ಸಾಕಾಗಿತ್ತು. ಆದರೆ ಮಗನಿಗೆ ಹಾಗೆನ್ನಲಾಗುತ್ತದೆಯೇ? "ಶಿವಾಜಿನಗರದ ವಾಜಿದ್‌ಗೆ ಒಂದ್ಸಲ ತೋರಿಸ್ತೀನಿ. ಅವನೂ ಗೇರ್‌ಬಾಕ್ಸೇ ಅಂದ್ರೆ ಕೀ ನಿನ್ನ ಕೈಗೆ ಕೊಡ್ತೀನಿ," ಎಂದು ಮಾತು ಕೊಟ್ಟರು. ಕೊಟ್ಟ ಮೇಲೆ ಎರಡು ದಿನ ಅನ್ನ ರುಚಿಸಲಿಲ್ಲ.

ಭಾನುವಾರ ಆಯಿಲ್ ತುಂಬಿಸಿಕೊಂಡು ಗಂಡ ಹೆಂಡತಿ ಹೊರಟರು. ರಾಮಮೂರ್ತಿನಗರ ದಾಟಿ, ಹಲಸೂರು ದಾಟಿ, ಶಿವಾಜಿನಗರ ಮುಟ್ಟಿದರು. ಅಕ್ಕಯಮ್ಮ ದಾರಿಯುದ್ದಕ್ಕೂ ಸೊಂಟದ ವಿಷಯ ಎತ್ತಲಿಲ್ಲ.

ವಾಜಿದ್ ಹಳೇ ಕಾರುಗಳನ್ನು ಬಿಟ್ಟು ಬೇರೆಯದನ್ನು ಮುಟ್ಟದ ಮೆಕ್ಯಾನಿಕ್. ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿಕೊಂಡು ಕೆಳಗಿಳಿದ. ಮೇಲೆ ಬಂದಾಗ ಬೆರಳು ಕೆಂಪಗಿತ್ತು. ಉಜ್ಜಿದ, ಮೂಸಿದ.

"ಗೇರ್ ಆಯಿಲ್ಲೇ ಯಜಮಾನ್ರೇ. ಗೇರ್‌ಬಾಕ್ಸ್ ಪೂರಾ ನೆಂದುಬಿಟ್ಟೈತೆ," ಎಂದ.

ಮುನಿಆಂಜನಪ್ಪ ಜೇಬಿನೊಳಗೆ ಕೀ ಹಿಡಿದುಕೊಂಡರು. ಅವರಿಗೆ ನಿಜವಾಗಿಯೂ ಅಳು ಬಂದಿತ್ತು.

"ಬಿಚ್ಚೋಕೆ ಮುಂಚೆ ಒಂದು ಮಾತು. ಮನೇಲಿ ನಿಂತಾಗ ನೆಲದ ಮೇಲೆ ಎಲ್ಲಿ ಬೀಳುತ್ತೆ?" ಎಂದು ವಾಜಿದ್ ಕೇಳಿದ.

ಅಂಗಳ ಗುಡಿಸಿ ತೊಳೆಯುವವರು ಅಕ್ಕಯಮ್ಮ. ಅವರೇ ಹೇಳಿದರು. "ಮಧ್ಯದಾಗೆ ಒಂದಿಷ್ಟು, ಮುಂದೆ ಒಂದಿಷ್ಟು. ಆದ್ರೆ ಮುಂದೆ ಇರೋದು ನಂದು, ಮಧ್ಯದ್ದು ಕಾರ್ದು. ಸೋಮವಾರ ಬಂದಿದ್ನಲ್ಲ, ಅವನಿಗೂ ಅದೇ ಹೇಳ್ದೆ."

"ನಿಮ್ದಾ? ನಿಮ್ದು ಹೆಂಗಮ್ಮಾ?"

"ಶುಕ್ರವಾರ ಶುಕ್ರವಾರ ದೃಷ್ಟಿ ತೆಗೀತೀನಪ್ಪ. ಅರಿಶಿನ ಸುಣ್ಣ ಕದಡಿದ್ರೆ ನೀರು ಕೆಂಪಗಾಗುತ್ತೆ. ಆರತಿ ಎತ್ತಿ ಕಾರಿನ ಮುಂದೆ ಚೆಲ್ತೀನಿ. ವರ್ಷಗಟ್ಲೆ ಚೆಲ್ಲಿ ಚೆಲ್ಲಿ ಸಿಮೆಂಟೇ ಕೆಂಪಾಗೈತೆ."

ಇಪ್ಪತ್ತು ವರ್ಷ ಕಾರನ್ನು ಬೈಯುತ್ತಾ ಬಂದವಳು ವಾರವಾರವೂ ಅದಕ್ಕೆ ಆರತಿ ಎತ್ತುತ್ತಿದ್ದಳು. ಮುನಿಆಂಜನಪ್ಪ ಅದನ್ನು ದಿನಾ ಬಾಗಿಲಿಗೆ ರಂಗೋಲಿ ಹಾಕುವ ಹಾಗೆ ಒಂದು ಶಾಸ್ತ್ರ ಎಂದುಕೊಂಡಿದ್ದರು. ಗಂಡಸರು ಕಣ್ಣೆದುರಿಗಿರುವುದನ್ನು ನೋಡುವುದೇ ಹೀಗೆ.

"ಮೊನ್ನೆ ಶುಕ್ರವಾರಾನೂ ಚೆಲ್ಲಿದ್ರಾ?" ವಾಜಿದ್ ಬಿಡಲಿಲ್ಲ.

"ಚೆಲ್ದೆ..." ಎಂದ ಅಕ್ಕಯಮ್ಮ ಅಲ್ಲೇ ನಿಂತರು. ಬೆರಳು ಮಡಚಿ ಎಣಿಸಿದರು. "ಇಲ್ಲ ಕಣಪ್ಪ! ಸೂತಕ ಅಲ್ವಾ! ನಮ್ಮ ದಾಯಾದಿ ತಾತ ತೀರ್ಕೊಂಡ್ರು, ಇವತ್ತಿಗೆ ಹತ್ತು ದಿನ. ಸೂತಕದಾಗೆ ದೀಪ ಹಚ್ಚಂಗಿಲ್ಲ, ಆರತಿ ಎತ್ತಂಗಿಲ್ಲ. ಎರಡು ಶುಕ್ರವಾರ ಚೆಲ್ಲೇ ಇಲ್ಲ."

"ಇವತ್ತು ಬೆಳಿಗ್ಗೆ ಮುಂದೆ ಕೆಂಪು ಇತ್ತಾ?"

"ಇತ್ತು. ತೊಳೆದಾಗ ಕಾಲು ಜಾರಿತು ಕೂಡ. ಹಳೇ ಕಲೆ ಅಂದ್ಕೊಂಡೆ." ಅವರು ಹಣೆ ಚಚ್ಚಿಕೊಂಡರು. "ಅಯ್ಯೋ, ಅದೂ ಕಾರ್ದೇನಾ? ಸೋಮವಾರದೋನಿಗೆ ನಾನೇ ದಾರಿ ತಪ್ಪಿಸ್ಬಿಟ್ನಲ್ರೀ!"

ವಾಜಿದ್ ನಕ್ಕು ಕೆಲಸಕ್ಕಿಳಿದ. ಕಾರಿನ ಹೊಟ್ಟೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದ. ಕನ್ನಡಿಯ ಪಕ್ಕದಲ್ಲಿದ್ದ ಮುಖಕ್ಕೆ ಹಚ್ಚುವ ಪೌಡರ್ ಡಬ್ಬಿ ತಂದು, ಗೇರ್‌ಬಾಕ್ಸಿನಿಂದ ಮುಂದಿನ ರೇಡಿಯೇಟರ್‌ವರೆಗೆ ಎಲ್ಲ ಕಡೆ ಉದುರಿಸಿದ. ಮದುವೆಗೆ ಹೊರಟಂತೆ ಬೆಳ್ಳಗಾದ ಕಾರನ್ನು ಸ್ಟಾರ್ಟ್ ಮಾಡಿ, ಎಲ್ಲರಿಗೂ ಟೀ ತರಿಸಿದ.

ಟೀ ಕುಡಿದ ಮೇಲೆ ಮೂವರೂ ಬಗ್ಗಿದರು. ಅಕ್ಕಯಮ್ಮ ಸೊಂಟ ಮರೆತು ಎಲ್ಲರಿಗಿಂತ ಮೊದಲೇ ಬಗ್ಗಿದ್ದರು. ಗೇರ್‌ಬಾಕ್ಸಿನ ಪೌಡರ್ ಒಂದು ಕಾಳು ಕದಲಿರಲಿಲ್ಲ. ಮುಂದೆ, ಗೇರ್ ಆಯಿಲನ್ನು ತಣಿಸಲು ರೇಡಿಯೇಟರಿಗೆ ಒಯ್ಯುವ ರಬ್ಬರ್ ಪೈಪಿನ ಮೇಲೆ ಮಾತ್ರ ತೆಳ್ಳನೆಯ ಕೆಂಪು ಗೆರೆ ಇಳಿದಿತ್ತು.

"ಪೈಪು ಬಿರುಕು ಬಿಟ್ಟೈತೆ ಅಷ್ಟೇ! ಓಡುವಾಗ ಗಾಳಿಗೆ ಆಯಿಲ್ ಹಿಂದಕ್ಕೆ ಹಾರಿ ಗೇರ್‌ಬಾಕ್ಸಿಗೆ ಮೆತ್ಕೊಂಡೈತೆ. ಕಳ್ಳ ಇಲ್ಲವ್ನೆ, ಎಲ್ರೂ ಹಿಡಿದಿದ್ದು ಗೇರ್‌ಬಾಕ್ಸನ್ನ," ಎಂದ ವಾಜಿದ್. ಹೊಸ ಪೈಪು ಹಿಂದಿನ ಬೀದಿಯಲ್ಲೇ ಸಿಕ್ಕಿತು.

ಸುನಿಲನ ಫೋನ್ ಬಂದಾಗ ಮುನಿಆಂಜನಪ್ಪ ಪೈಪಿನ ದುಡ್ಡು ಎಣಿಸುತ್ತಿದ್ದರು. ಅಕ್ಕಯಮ್ಮ ಫೋನ್ ಕಿತ್ತುಕೊಂಡರು. "ಗೇರ್‌ಬಾಕ್ಸ್ ಗಟ್ಟಿಮುಟ್ಟಾಗೈತೆ ಕಣೋ. ಏಳು ಸೀಟಿಂದು ಬೇಕಾದ್ರೆ ನೀನು ತಗೋ. ನಮಗೆ ಎರಡು ಸಾಕು." ಮಗನ ಉತ್ತರಕ್ಕೆ ಕಾಯದೆ ಫೋನ್ ಇಟ್ಟರು.

"ಸೊಂಟ?" ಎಂದರು ಮುನಿಆಂಜನಪ್ಪ.

"ಸೊಂಟ ನೋಯುತ್ತೆ. ಅದಕ್ಕೆ ಬರಬಾರ್ದಾ? ಹತ್ತಿ, ಕಾಫಿಗೆ ಹೊತ್ತಾಯ್ತು."

ಸೂತಕ ಕಳೆದ ಮೇಲಿನ ಶುಕ್ರವಾರ ಅಕ್ಕಯಮ್ಮ ಆರತಿ ತಟ್ಟೆ ಹಿಡಿದು ಅಂಗಳಕ್ಕೆ ಬಂದರು. ಮೂರು ಸುತ್ತು ನಿವಾಳಿಸಿ, ನೀರನ್ನು ಕಾರಿನ ಮುಂದೆ ಚೆಲ್ಲದೆ ಅಷ್ಟು ದೂರ ನಡೆದು ಗೇಟಿನ ಮೂಲೆಯಲ್ಲಿ ಚೆಲ್ಲಿದರು.

"ಅಲ್ಯಾಕೆ?" ಎಂದು ಮುನಿಆಂಜನಪ್ಪ ಕೇಳಿದರು.

"ಇನ್ಮೇಲೆ ನಂದು ಅಲ್ಲಿ. ಮುಂದೆ ಬಿದ್ರೆ ಅದು ಕಾರ್ದೇ. ಗೊತ್ತಾಗ್ಬೇಕಲ್ಲ."

ತಟ್ಟೆಯನ್ನು ಜಗಲಿ ಮೇಲಿಟ್ಟು, ಮಂಡಿ ಹಿಡಿದುಕೊಂಡು ಬಗ್ಗಿ ಕಾರಿನ ಕೆಳಗೆ ನೋಡಿದರು. ನೆಲ ಒಣಗಿತ್ತು. ಒಳಗಿನಿಂದ ಯಾರೋ ಅಕ್ಕಯಮ್ಮನನ್ನು ಕರೆದು ಬೀಗದ ಕೈ ಎಲ್ಲಿ ಎಂದು ಕೇಳಿದರು. ಅವರು ಉತ್ತರ ಕೊಡದೆ ಕಾರಿನ ಬಾಗಿಲು ತೆಗೆದು ಕೂತರು.

"ಇವತ್ತು ಶುಕ್ರವಾರ ಕಣೇ," ಎಂದರು ಮುನಿಆಂಜನಪ್ಪ.

"ನನಗೂ ಗೊತ್ತು. ಬನ್ನಿ ಬೇಗ."