ಹಸಿರಾದ ಉಪ್ಪು

ನನ್ನ ಹೆಂಡತಿ ಜೆಲ್ಮಾಳನ್ನು ಮಣ್ಣು ಮಾಡಿ ಮೂರು ತಿಂಗಳಾಗಿತ್ತು. ಅರವತ್ತೈದರ ಜುಲೈ. ಕುಲುಮೆ ಆರಿಸಿ, ಒಳಗೆ ತೂಗುಬಿಟ್ಟಿದ್ದ ನಿಕಲ್ ಮಿಶ್ರಲೋಹದ ಬಿಲ್ಲೆಗಳನ್ನು ಹೊರಗೆ ತೆಗೆದೆವು. ಎರಡು ಸಾವಿರ ಗಂಟೆ ಅವು ಏಳುನೂರು ಡಿಗ್ರಿ ಕಾದ ಕರಗಿದ ಉಪ್ಪಿನಲ್ಲಿದ್ದವು. ಕಾದ ಉಪ್ಪು ಲೋಹವನ್ನು ಎಷ್ಟು ತಿನ್ನುತ್ತದೆಂದು ಪರೀಕ್ಷಿಸುವ, ಟೆನ್ನೆಸ್ಸಿಯ ಬೆಟ್ಟಗಳ ನಡುವಿನ ಆ ಲ್ಯಾಬಿನಲ್ಲಿ ಉಪ್ಪು ತುಂಬುವುದು, ಬಿಲ್ಲೆ ತೂಗುವುದು ನನ್ನ ಕೆಲಸ.

ಹೆಪ್ಪುಗಟ್ಟಿದ ಉಪ್ಪು ಬೆಳ್ಳಗಿರಬೇಕಿತ್ತು. ಹಸಿರಾಗಿತ್ತು. ಲೋಹದೊಳಗಿನ ಕ್ರೋಮಿಯಂ ಉಪ್ಪಿಗೆ ಇಳಿದರೆ ಆ ಬಣ್ಣ. ಬಿಲ್ಲೆಯನ್ನು ತೊಳೆದು, ಒಣಗಿಸಿ, ಚಿಮಟದಲ್ಲಿ ಹಿಡಿದು ತಕ್ಕಡಿಗಿಟ್ಟೆ. ತೂಕ ಎಂದಿಗಿಂತ ಹತ್ತು ಪಟ್ಟು ಹೆಚ್ಚು ಇಳಿದಿತ್ತು.

ಎಂಜಿನಿಯರ್ ಕಿಂಬ್ರೋ ಅದನ್ನು ನೋಡಿ ಹೋಬರ್ಟ್ ಸೀಲ್ಸ್‌ನನ್ನು ಕರೆಸಿದರು. ಆ ಲೋಹವನ್ನು ಎರಕ ಹೊಯ್ದವನು ಹೋಬರ್ಟ್. ಚರ್ಚಿನಲ್ಲಿ ನನ್ನ ಬೆಂಚಿನವನು. ಜೆಲ್ಮಾಳ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು.

“ನಿಮ್ಮ ಎರಕದಲ್ಲೇ ದೋಷ, ಸೀಲ್ಸ್. ಈ ಸಲದ್ದೆಲ್ಲ ಗುಜರಿಗೆ ಹಾಕ್ಸಿ. ಇನ್ಮೇಲೆ ಎರಕ ಬೇರೆಯವ್ರು ಹೊಯ್ಲಿ.”

“ಹದಿನೆಂಟು ವರ್ಷ ಆಯ್ತು ಸಾರ್. ನಮ್ಮನೆಯವಳ ಮುಸುಕಿನ ಜೋಳದ ಬ್ರೆಡ್ಡು ದಿನಾ ಸೀಯುತ್ತೆ. ನನ್ನ ಲೋಹ ಒಂದಿನಾನೂ ಕೆಟ್ಟಿಲ್ಲ.” ಹೋಬರ್ಟ್ ನನ್ನ ಕಡೆ ತಿರುಗಿದ. “ನೀನಾದ್ರೂ ಹೇಳೋ ಓರ್ಬಿನ್. ಉಪ್ಪು ಸರಿಯಾಗಿ ಒಣಗಿತ್ತಾ?”

“ಒಣಗಿಸಿದ ಗುರುತು ಇಲ್ಲಿದೆಯಲ್ರೀ,” ಕಿಂಬ್ರೋ ದಿನಚರಿ ಪುಸ್ತಕ ತಿರುಗಿಸಿ ತೋರಿಸಿದರು. “ಓರ್ಬಿನ್ ತಪ್ಪೋ ಆಸಾಮಿ ಅಲ್ಲ.”

ಪುಸ್ತಕದಲ್ಲಿದ್ದ ಆ ಗೀಟು ನನ್ನದೇ. ಏಪ್ರಿಲಿನಲ್ಲಿ ಉಪ್ಪಿನ ಪಾತ್ರೆಯ ಮುಚ್ಚಳ ತೆರೆದು ನಿಂತಿದ್ದಾಗ ಆಸ್ಪತ್ರೆಯಿಂದ ಫೋನು ಬಂತು. ಕೋಣೆಗೆ ಬೀಗ ಹಾಕಿ ಹೊರಟೆ. ಮುಚ್ಚಳ ಹಾಕಲಿಲ್ಲ. ಆ ವಾರವೆಲ್ಲ ಮಳೆ. ತೇವ ಹೀರಿದ ಉಪ್ಪು ಕಾದರೆ ಲೋಹವನ್ನು ತಿನ್ನುತ್ತದೆ. ಅದಕ್ಕೆಂದೇ ತುಂಬುವ ಮೊದಲು ಎರಡು ದಿನ ಕಾಯಿಸಿ ಒಣಗಿಸುವುದು ನಮ್ಮಲ್ಲಿ ಕಟ್ಟಳೆ. ಜೆಲ್ಮಾಳನ್ನು ಮಣ್ಣು ಮಾಡಿದ ಮರುದಿನ ಕೆಲಸಕ್ಕೆ ಬಂದೆ. ಒಣಗಿಸಿದೆ ಎಂಬಲ್ಲಿ ಗೀಟೆಳೆದೆ. ಉಪ್ಪನ್ನು ಹಾಗೆಯೇ ಕುಲುಮೆಯ ಪಾತ್ರೆಗೆ ಸುರಿದೆ. ಆಗ ಏನು ಯೋಚಿಸಿದೆನೋ ನೆನಪಿಲ್ಲ. ಆಮೇಲೆ ದಿನವೂ ಬೆಳಿಗ್ಗೆ ದೇವರ ಮುಂದೆ ಮೊಣಕಾಲೂರಿದ್ದೇನೆ. ಆ ಗೀಟು ಒಮ್ಮೆಯೂ ಮನಸ್ಸಿಗೆ ಬಂದಿರಲಿಲ್ಲ.

“ಒಣಗಿಸಿರ್ಲಿಲ್ಲ ಸಾರ್,” ಎಂದೆ. “ಆ ಗೀಟು ಸುಳ್ಳು. ಹೋಬರ್ಟ್ ಲೋಹ ಚೆನ್ನಾಗೇ ಇದೆ.”

ಕಿಂಬ್ರೋ ಕನ್ನಡಕ ತೆಗೆದರು. “ಯಾವತ್ತಿಂದು ಇದು?”

“ಜೆಲ್ಮಾ ಹೋದ ವಾರ.”

ಅವರು ಪುಸ್ತಕ ಮುಚ್ಚಿದರು. “ಎರಕ ಗುಜರಿಗೆ ಬೇಡ, ಸೀಲ್ಸ್. ಹೊಸ ಉಪ್ಪಲ್ಲಿ ಮತ್ತೆ ಇಡೋಣ. ಓರ್ಬಿನ್, ನಾಳೆಯಿಂದ ನೀವು ಲ್ಯಾಬಿನ ಗಾಜಿನ ಸಾಮಾನು ತೊಳೀರಿ. ಉಪ್ಪಿನ ಕೋಣೆ ಬೀಗದ ಕೈ ಸಂಜೆ ಕೊಟ್ಬಿಡಿ.”

“ಆಗಲಿ ಸಾರ್.”

ಹೋಬರ್ಟ್ ನನ್ನ ಹಿಂದೆಯೇ ಕಾರಿಡಾರಿಗೆ ಬಂದ. ಮುಖ ಕೆಂಪಾಗಿತ್ತು.

“ಅವತ್ತು ನನಗೊಂದು ಮಾತು ಹೇಳ್ಬಾರ್ದಿತ್ತೇನೋ, ಕತ್ತೆ? ಮುಚ್ಚಳ ನಾನು ಹಾಕ್ತಿದ್ದೆ.”

“ತೋಚಲಿಲ್ಲ.”

ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸಿದ. “ಭಾನುವಾರ ಚರ್ಚ್ ಮುಗಿಸ್ಕೊಂಡು ಊಟಕ್ಕೆ ಬಾ. ಸೀದಿರೋ ತುಂಡೆಲ್ಲ ನಿನಗೇ.”

“ಬರ್ತೀನಿ.”

ಕುಲುಮೆಯ ಪಾತ್ರೆಯಿಂದ ಆ ಉಪ್ಪನ್ನು ತೆಗೆಯುವುದು ಬಾಕಿ ಇತ್ತು. ಮುಖಕ್ಕೆ ಮುಸುಕು, ಕೈಗೆ ಗವಸು ಹಾಕಿಕೊಂಡು ಸಂಜೆಯ ತನಕ ಕೆರೆದೆ. ತಳದವರೆಗೂ ಹಸಿರೇ ಇತ್ತು. ಪಾತ್ರೆ ಬರಿದಾದ ಮೇಲೆ ಮುಚ್ಚಳ ಹಾಕಿ, ತಿರುಪು ಬಿಗಿದು, ಬೀಗದ ಕೈ ಕೊಟ್ಟು ಮನೆಗೆ ಹೋದೆ.