ಐದು ನಿಮಿಷಕ್ಕೊಂದು ಚಮಚ

"ತಕ್ಷಣ ನುಂಗ್ಬೇಡಿ ಅಪಾ. ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಕೊಳ್ಳಿ," ಎಂದು ಅಸಿಲ್ಕಾನ್ ಅತ್ತೆಯ ತುಟಿಯಿಂದ ಚಮಚ ತೆಗೆದಳು.

ಬುರುಲ್ ಮುದುಕಿ ಕಣ್ಣು ಮುಚ್ಚಿಕೊಂಡು ಆ ಉಪ್ಪು ಸಕ್ಕರೆಯ ನೀರನ್ನು ನಿಧಾನವಾಗಿ ಗಂಟಲಿಗೆ ಇಳಿಸಿದಳು. ಮಡಿಲಲ್ಲಿದ್ದ ಬೋಗುಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕಾದಳು. ವಾಂತಿ ಬರಲಿಲ್ಲ.

"ನಮ್ಮಲ್ಲಿ ಬಂದವರಿಗೆ ತುಂಬ ಬಟ್ಟಲು ಕೊಡದೆ ಅರ್ಧ ಬಟ್ಟಲು ಚಹಾ ಬಗ್ಗಿಸಿದ್ರೆ ಮರ್ಯಾದೆ ಅಂತಾರೆ. ಚಮಚದಲ್ಲಿ ಕೊಟ್ರೆ ಏನಂತಾರೆ ಹುಡುಗಿ?"

"ಅತೀ ಮರ್ಯಾದೆ ಅಂತಾರೆ."

ಮುದುಕಿಯ ಒಣಗಿದ ತುಟಿ ಅಲುಗಿತು. ಈ ಮನೆಗೆ ಬಂದು ಹನ್ನೆರಡು ವರ್ಷವಾದರೂ ತನ್ನ ಮಾತಿಗೆ ಅತ್ತೆ ನಕ್ಕಿದ್ದನ್ನು ಅಸಿಲ್ಕಾನ್ ಕಂಡದ್ದು ಅದೇ ಮೊದಲು.

ರಾಜಧಾನಿ ಬಿಷ್ಕೇಕ್‌ನ ಆಸ್ಪತ್ರೆಯಲ್ಲಿ ಎರಡನೆಯ ಸಲ ಕೀಮೋ ಮುಗಿಸಿ, ಆರು ತಾಸು ಘಾಟಿ ಹತ್ತಿಳಿದು ತಮ್ಮೂರು ನಾರಿನ್‌ಗೆ ಮರಳಿ ಮೂರು ದಿನವಾಗಿತ್ತು. ಹೊರಡುವಾಗ ಅಲ್ಲಿಯ ನರ್ಸು ಅಸಿಲ್ಕಾನ್‌ಳನ್ನು ಪಕ್ಕಕ್ಕೆ ಕರೆದು ಹೇಳಿದ್ದಳು. ವಾಂತಿಯ ಮಾತ್ರೆಯನ್ನು ಹೊಟ್ಟೆ ತೊಳಸುವ ತನಕ ಕಾಯದೆ ಹೊತ್ತಿಗೆ ಸರಿಯಾಗಿ ಕೊಡಬೇಕು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಐದು ನಿಮಿಷಕ್ಕೊಂದು ಚಮಚ. ಊಟ ತಣ್ಣಗಿರಲಿ, ವಾಸನೆ ಬೇಡ. ಎಂಟು ತಾಸು ಮೂತ್ರ ಹೋಗದಿದ್ದರೆ, ಮಾತು ತೊದಲಿದರೆ, ಮನೆಯಲ್ಲಿ ಕೂರಬೇಡಿ. ಶಾಲೆಯಲ್ಲಿ ಭೂಗೋಳ ಕಲಿಸುವ ಅಸಿಲ್ಕಾನ್ ಅದನ್ನೆಲ್ಲ ಮಕ್ಕಳು ಪಾಠ ಒಪ್ಪಿಸುವಂತೆ ನರ್ಸಿಗೆ ತಿರುಗಿ ಒಪ್ಪಿಸಿ ಬಂದಿದ್ದಳು.

ಅತ್ತೆಗೆ ಮಾತ್ರ ಯಾರೂ ನಿಜ ಹೇಳಿರಲಿಲ್ಲ. ಹೊಟ್ಟೆಯಲ್ಲಿ ಹುಣ್ಣಾಗಿದೆ ಎಂದಷ್ಟೇ ಹೇಳಬೇಕೆಂದು ಹಿರಿಯ ಮಗಳು ತಾಜಿಗುಲ್ ಕಟ್ಟಪ್ಪಣೆ ಮಾಡಿದ್ದಳು.

ಅಂದು ಮಧ್ಯಾಹ್ನ ಆ ತಾಜಿಗುಲ್ ಕೊಚ್ಕೋರ್‌ನಿಂದ ಬಂದಳು, ಕೊಯ್ದ ಇಡೀ ಕುರಿಯೊಂದಿಗೆ. ಕೋಟು ಬಿಚ್ಚುವ ಮೊದಲೇ ಒಲೆ ಹಚ್ಚಿದಳು. ಸ್ವಲ್ಪ ಹೊತ್ತಿಗೆ ಬಾಲದ ಕೊಬ್ಬು ಕರಗುವ ವಾಸನೆ ಮನೆಯಿಡೀ ತುಂಬಿತು. ಒಳಕೋಣೆಯಲ್ಲಿ ಮುದುಕಿ ಬೆಳಗಿನಿಂದ ಉಳಿಸಿಕೊಂಡಿದ್ದನ್ನೆಲ್ಲ ಬೋಗುಣಿಗೆ ಕಾರಿಕೊಂಡಳು.

"ಎಜೆ, ಆ ಸಾರು ಆಮೇಲೆ ಮಾಡೋಣ," ಎಂದಳು ಅಸಿಲ್ಕಾನ್, ಅತ್ತಿಗೆಯ ಮುಖ ನೋಡದೆ. "ವಾಸನೆಗೆ ಅಪಾಗೆ ತಡೆಯೋಕಾಗ್ತಿಲ್ಲ. ನರ್ಸು ಹೇಳಿದ್ರು…"

"ನರ್ಸು ಏನು ನಮ್ಮಮ್ಮನ ಹೊಟ್ಟೇಲಿ ಹುಟ್ಟಿದಾಳಾ? ಮೂಳೆ ಎದ್ದು ಕಾಣ್ತಿದೆ. ನೀನು ಗುಬ್ಬಿಗೆ ಕೊಟ್ಟ ಹಾಗೆ ಚಮಚದಲ್ಲಿ ನೀರು ಕೊಡ್ತಾ ಕೂತಿದೀಯ."

"ಮಾತ್ರೆ ಕೊಟ್ರೆ ವಾಂತಿ ನಿಲ್ಲುತ್ತೆ, ಆಮೇಲೆ…"

"ಯಾಕೆ ನಿಲ್ಲಿಸ್ಬೇಕು? ಒಳಗಿನ ವಿಷ ಹೊರಗೆ ಹೋಗ್ತಿದೆ, ಹೋಗ್ಲಿ."

ಅಸಿಲ್ಕಾನ್ ಗಂಡನ ಕಡೆ ನೋಡಿದಳು. ರಿಸ್ಬೆಕ್ ಬಾಗಿಲಲ್ಲಿ ನಿಂತು ಬೂಟಿನ ಹಿಮ ಕೊಡವುತ್ತಿದ್ದ. "ಎರಡು ದಿನ ಅಕ್ಕ ನೋಡ್ಕೊಳ್ಳಲಿ ಬಿಡು," ಎಂದ. "ನೀನೂ ಶಾಲೆಗೆ ಹೋಗಿ ಒಂದು ವಾರ ಆಯ್ತಲ್ಲ."

ಅವಳು ಹೋದಳು. ಎರಡೂ ದಿನ ಹೋದಳು. ಸಂಜೆ ಮನೆಗೆ ಬಂದರೆ ತಾಜಿಗುಲ್ ಒಳಕೋಣೆಯ ಬಾಗಿಲಲ್ಲೇ ನಿಂತು, "ಈಗ ತಾನೇ ಕಣ್ಣು ಹತ್ತಿದೆ, ಎಬ್ಬಿಸ್ಬೇಡ," ಎನ್ನುತ್ತಿದ್ದಳು. ತರಗತಿಯಲ್ಲಿ ನಕಾಶೆಯ ಮುಂದೆ ನಿಂತಾಗ, ಕೈಯಲ್ಲಿ ಬೋಗುಣಿಯಿಲ್ಲದ್ದು ಹಿತವಾಗಿತ್ತು. ಆ ಹಿತವನ್ನು ಅವಳು ಆಮೇಲೆ ತನಗೆ ತಾನೇ ಕ್ಷಮಿಸಲಿಲ್ಲ.

ಎರಡನೆಯ ದಿನ ಬೇಗ ಮನೆಗೆ ಬಂದಾಗ ಕಸದ ಡಬ್ಬಿಯಲ್ಲಿ ವಾಂತಿಯ ಮಾತ್ರೆಯ ಪಟ್ಟಿ ಕಂಡಿತು, ಎರಡು ದಿನದಿಂದ ಒಂದನ್ನೂ ಒಡೆದಿರಲಿಲ್ಲ. ಅತ್ತಿಗೆಯನ್ನು ಸರಿಸಿಕೊಂಡೇ ಒಳಗೆ ನುಗ್ಗಿದಳು. ಹಾಸಿಗೆಯ ಬಳಿ ಸಾರಿನ ಬಟ್ಟಲಿನ ಮೇಲೆ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿತ್ತು. ಮುದುಕಿಯ ಕಣ್ಣು ಗುಳಿಬಿದ್ದಿತ್ತು. ಅಸಿಲ್ಕಾನ್ ಮುಂಗೈಯ ಚರ್ಮ ಹಿಡಿದೆತ್ತಿ ಬಿಟ್ಟಳು. ಅದು ಹಾಗೆಯೇ ನಿಂತಿತು.

"ಮೂತ್ರಕ್ಕೆ ಯಾವಾಗ ಹೋಗಿದ್ರು?"

"ನೆನ್ನೆ ಹೋಗಿರ್ಬೇಕು," ಎಂದಳು ತಾಜಿಗುಲ್. ಅವಳ ದನಿ ಸಣ್ಣದಾಗಿತ್ತು.

"ಕುದುರೆ ಒಳಗೆ ಕಟ್ರೋ," ಎಂದು ಮುದುಕಿ ಗೊಣಗಿದಳು. ಆ ಮನೆಯಲ್ಲಿ ಕುದುರೆ ಇಲ್ಲದೆ ಇಪ್ಪತ್ತು ವರ್ಷವಾಗಿತ್ತು.

ಆಂಬುಲೆನ್ಸಿಗೆ ಕಾಯದೆ ಅಸಿಲ್ಕಾನ್ ಪಕ್ಕದ ಮನೆಯವನ ಕಾರಿನಲ್ಲಿ ಅತ್ತೆಯನ್ನು ಊರಿನ ಆಸ್ಪತ್ರೆಗೆ ಸೇರಿಸಿದಳು. ಒಣಗಿದ ಕೈಯಲ್ಲಿ ರಕ್ತನಾಳ ಸಿಗದೆ ಮೂರು ಕಡೆ ಚುಚ್ಚಿದರು. ನಾಲ್ಕನೆಯ ಸಲಕ್ಕೆ ಡ್ರಿಪ್ ಇಳಿಯತೊಡಗಿತು.

ರಿಸ್ಬೆಕ್ ಅಕ್ಕನನ್ನು ಕರೆದುಕೊಂಡು ಬಂದ ಮೇಲೆ ಡಾಕ್ಟರು ಮಂಚದ ಪಕ್ಕದಲ್ಲೇ ಕೇಳಿದರು. "ಈ ಸ್ಥಿತಿಗೆ ಬರೋ ತನಕ ಏನು ಮಾಡ್ತಿದ್ರಿ? ಇನ್ನರ್ಧ ದಿನ ಬಿಟ್ಟಿದ್ರೆ ಕಿಡ್ನಿ ಹೋಗ್ತಿತ್ತು. ಮನೇಲಿ ನೋಡ್ಕೊಳ್ತಿದ್ದೋರು ಯಾರು?"

ತಾಜಿಗುಲ್ ತಲೆವಸ್ತ್ರದಿಂದ ಕಣ್ಣೊರೆಸಿಕೊಂಡಳು. "ಸೊಸೆ," ಎಂದಳು. "ಇವಳೇ. ಚಮಚದಲ್ಲಿ ನೀರು ಕೊಡ್ತಿದ್ಲು. ಚಮಚದಲ್ಲಿ, ಡಾಕ್ಟ್ರೇ."

ರಿಸ್ಬೆಕ್ ಟೋಪಿಯ ಒಳಗಿನ ಅಸ್ತರನ್ನು ಪರೀಕ್ಷಿಸುತ್ತಿದ್ದ. ಅಸಿಲ್ಕಾನ್ ಮಂಚದತ್ತ ತಿರುಗಿದಳು. ಅತ್ತೆಯ ಕಣ್ಣು ತೆರೆದಿತ್ತು, ತಿಳಿಯಾಗಿತ್ತು. ಅದು ಎಲ್ಲರನ್ನೂ ಒಮ್ಮೆ ನೋಡಿ ಮುಚ್ಚಿಕೊಂಡಿತು.

ಉಳಿದವರು ಹೊರಗೆ ಹೋದ ಮೇಲೆ ಮುದುಕಿ ಹೇಳಿದಳು. "ನನಗೆ ಕೇಳಿಸ್ತು."

"ಒಂದು ಮಾತು ಹೇಳ್ಬಹುದಿತ್ತಲ್ಲ, ಅಪಾ."

"ಹೇಳ್ಬಹುದಿತ್ತು." ಮುದುಕಿ ಬೋಳಾದ ತಲೆ ಸವರಿಕೊಂಡಳು. "ಹುಣ್ಣಿಗೆ ಕೂದಲು ಉದುರುತ್ತೇನೇ ಹುಡುಗಿ? ನಾನು ಏನು ಹೇಳಿದ್ರೂ, ನಾನು ಸತ್ತ ಮೇಲೆ ತಾಜಿಗುಲ್ ಆ ಮಾತು ಹೊತ್ಕೊಂಡೇ ಬದುಕ್ಬೇಕು. ತಾಯಿನ ತಾನೇ ಈ ಗತಿಗೆ ತಂದೆ ಅಂತ ತಿಳಿದ್ರೆ ಅವಳು ತಡ್ಕೊಳ್ಳಲ್ಲ."

"ನಾನು?"

"ನೀನು ತಡ್ಕೋತೀಯ. ನನ್ನನ್ನೇ ತಡ್ಕೊಂಡಿಲ್ವಾ?"

ಅದು ಹೊಗಳಿಕೆಯೆಂಬಂತೆ ಹೇಳಿ ಮುದುಕಿ ನಿದ್ದೆಗೆ ಜಾರಿದಳು. ಅಸಿಲ್ಕಾನ್ ಡ್ರಿಪ್ಪಿನ ಕೊಳವೆಯಲ್ಲಿ ಹನಿ ಸರಿಯಾಗಿ ಬೀಳುತ್ತಿದೆಯೇ ಎಂದು ನೋಡಿ, ತನ್ನ ಕೋಟು ತೆಗೆದುಕೊಂಡು ಹೊರಬಂದಳು.

ಪಡಸಾಲೆಯ ಬೆಂಚಿನ ಮೇಲೆ ತಾಜಿಗುಲ್ ಮುದುರಿ ಮಲಗಿದ್ದಳು. ಹಿಮದಲ್ಲಿ ನೆನೆದ ಕಾಲುಚೀಲದಿಂದ ನೆಲಕ್ಕೆ ನೀರು ಜಿನುಗಿತ್ತು, ನಿದ್ದೆಯಲ್ಲೇ ನಡುಗುತ್ತಿದ್ದಳು. ಅಸಿಲ್ಕಾನ್ ಕೋಟನ್ನು ತೋಳಿನ ಮೇಲೆ ಹಾಕಿಕೊಂಡೇ ಅವಳನ್ನು ದಾಟಿ ಕಿಟಕಿಯ ಬಳಿ ಹೋದಳು. ಅಂಗಳದಲ್ಲಿ ಕಾವಲುಗಾರನೊಬ್ಬ ಹಾರೆಯಿಂದ ಮಂಜುಗಡ್ಡೆ ಒಡೆಯುತ್ತಿದ್ದ. ಎಷ್ಟು ಹೊಡೆದರೂ ಮೇಲಿನ ಪದರವಷ್ಟೇ ಚೂರಾಗಿ ಹಾರುತ್ತಿತ್ತು. ಅವನು ಕೈಗೆ ಉಸಿರೂದಿಕೊಂಡು ಮತ್ತೆ ಹಾರೆ ಎತ್ತಿದ.